ಬಾಯಿಯ ಅರ್ಬುದವೂ ಜೀವಕೋಶದ ಸಂಜ್ಞೆಗಳೂ

ನಮ್ಮ ಮುದ್ರಣಾಲಯದಲ್ಲಿ ಮೂವತ್ತು ವರ್ಷಗಳಿಗೂ ಮಿಕ್ಕಿ ಅಕ್ಷರ ಜೋಡಿಸಿದ ಹಿರಿಯರೊಬ್ಬರು ಕೆಲವು ತಿಂಗಳ ಹಿಂದೆ ಒಂದು ಕಾಗದವನ್ನು ನಮ್ಮ ಮೇಜಿನ ಮೇಲಿಟ್ಟು, “ಇದನ್ನಷ್ಟು ಓದಿ ಹೇಳ್ರಿ” ಎಂದರು. ಸೀಸದ ಮೊಳೆಗಳ ಕಾಲದಲ್ಲಿ ಕೆಲಸಕ್ಕೆ ಸೇರಿ, ಗಣಕಯಂತ್ರ ಬಂದ ಮೇಲೆ ಅದನ್ನೂ ಕಲಿತು, ನಮ್ಮ ಎಷ್ಟೋ ಅಗ್ರಲೇಖಗಳ ತಪ್ಪುಗಳನ್ನು ಸದ್ದಿಲ್ಲದೆ ತಿದ್ದಿದ ಮನುಷ್ಯ ಅವರು. ಅವರ ಎಡಗೆನ್ನೆಯ ಒಳಗೆ ಎಂಟು ತಿಂಗಳ ಮೊದಲೇ ಒಂದು ಬಿಳಿಯ ಮಚ್ಚೆ ಕಾಣಿಸಿಕೊಂಡಿತ್ತು. ಮೊದಲು ತೋರಿಸಿದ ಕಡೆಯಲ್ಲಿ ಬಾಯಿ ಮುಕ್ಕಳಿಸುವ ಔಷಧ ಕೊಟ್ಟು ಕಳುಹಿಸಿದರು. ಇವರೂ ಅಷ್ಟಕ್ಕೆ ಸಮಾಧಾನಪಟ್ಟರು. ಮಚ್ಚೆ ಹುಣ್ಣಾಗಿ, ಹುಣ್ಣು ಗಟ್ಟಿಯಾಗಿ, ಊಟಕ್ಕೆ ತೊಡಕಾದ ಮೇಲೆ ತುಣುಕು ತೆಗೆದು ಪರೀಕ್ಷಿಸಿದ್ದಾಯಿತು. ವರದಿಯಲ್ಲಿ ಅರ್ಬುದವೆಂದು ಬರೆದಿತ್ತು. ಅದರ ಕೆಳಗೆ ‘ಇ.ಜಿ.ಎಫ್.ಆರ್.’ ಎಂಬ ನಾಲ್ಕು ಅಕ್ಷರಗಳೂ ಅವುಗಳ ಮುಂದೆ ಮೂರು ಕೂಡಿಕೆಯ ಚಿಹ್ನೆಗಳೂ ಇದ್ದವು. ಜೀವಮಾನವೆಲ್ಲ ಅಕ್ಷರಗಳ ನಡುವೆ ಕಳೆದವರಿಗೆ ತಮ್ಮ ಆಯುಷ್ಯದ ಪ್ರಶ್ನೆಯಾದ ಆ ನಾಲ್ಕು ಅಕ್ಷರಗಳ ಅರ್ಥವಾಗಲಿಲ್ಲ, ನಮಗೂ ಆಗಲಿಲ್ಲ. ನಾವು ವೈದ್ಯರಲ್ಲ. ಆದರೆ ಆ ದಿನದಿಂದ ಬಲ್ಲವರನ್ನು ಕೇಳಿ, ಓದಿ ತಿಳಿದುಕೊಂಡದ್ದನ್ನು ವಾಚಕರ ಮುಂದಿಡುವದು ಯೋಗ್ಯವೆಂದು ತೋರಿದ್ದರಿಂದ ಈ ಲೇಖವನ್ನು ಬರೆಯುತ್ತಿದ್ದೇವೆ.

ಇದು ಒಬ್ಬರ ಮನೆಯ ಮಾತಾಗಿದ್ದರೆ ಪತ್ರಿಕೆಯಲ್ಲಿ ಎತ್ತುವ ಕಾರಣವಿರಲಿಲ್ಲ. ೨೦೨೨ರ ಅಂತಾರಾಷ್ಟ್ರೀಯ ಅಂದಾಜಿನ ಮೇರೆಗೆ ಹಿಂದುಸ್ಥಾನದಲ್ಲಿ ಒಂದು ವರ್ಷದಲ್ಲಿ ೧,೪೦,೦೦೦ಕ್ಕೂ ಹೆಚ್ಚು ಜನರಿಗೆ ತುಟಿ ಮತ್ತು ಬಾಯಿಯ ಅರ್ಬುದವು ಹೊಸದಾಗಿ ತಗಲಿತು. ನಮ್ಮ ದೇಶದ ಗಂಡಸರಿಗೆ ತಗಲುವ ಅರ್ಬುದಗಳಲ್ಲಿ ಇದಕ್ಕೇ ಅಗ್ರಸ್ಥಾನ. ಪಶ್ಚಿಮದ ದೇಶಗಳಲ್ಲಿ ಹೀಗಿಲ್ಲ. ಈ ರೋಗದ ಮಟ್ಟಿಗೆ ನಾವು ಜಗತ್ತಿನಲ್ಲಿ ಮುಂದಾಳುಗಳಾಗಿರುವದು ಎಂಥ ಮಾನವೆಂಬದನ್ನು ಬೇರೆ ಹೇಳಬೇಕಾಗಿಲ್ಲ. ೧೯೫೭ರಲ್ಲಿ ಹುಬ್ಬಳ್ಳಿಯಲ್ಲಿ ಸ್ಥಾಪಿತವಾಗಿ ಮುಂದೆ ‘ಕಿಮ್ಸ್’ ಎಂಬ ಹೆಸರಿನಿಂದ ಜನಜನಿತವಾದ ವೈದ್ಯಕೀಯ ಕಾಲೇಜಿನ ದವಾಖಾನೆಯಲ್ಲಾಗಲಿ, ನವನಗರದ ಕರ್ನಾಟಕ ಕ್ಯಾನ್ಸರ್ ಸಂಸ್ಥೆಯಲ್ಲಾಗಲಿ, ಧಾರವಾಡದ ಸತ್ತೂರಿನ ದಂತವೈದ್ಯ ಕಾಲೇಜಿನಲ್ಲಾಗಲಿ ಒಂದು ಮುಂಜಾನೆ ಕುಳಿತು ನೋಡಿದವರಿಗೆ ಅಂಕಿಗಳ ಅವಶ್ಯಕತೆಯೇ ಇರುವದಿಲ್ಲ.

ಅರ್ಬುದವೆಂಬ ಶಬ್ದವು ಹೊಸದಲ್ಲ. ಸುಶ್ರುತನು ತನ್ನ ನಿದಾನಸ್ಥಾನದಲ್ಲಿ ಅದನ್ನು ವಿವರಿಸಿದ್ದಾನೆ; ಒಂದರ ಮೇಲೆ ಮತ್ತೊಂದು ಹುಟ್ಟಿಕೊಂಡರೆ ಅದಕ್ಕೆ ಅಧ್ಯರ್ಬುದವೆಂಬ ಹೆಸರನ್ನೂ ಕೊಟ್ಟಿದ್ದಾನೆ. ಆದರೆ ಇಂದಿನ ಜೀನುಗಳನ್ನು ಸುಶ್ರುತನಲ್ಲಿ ಹುಡುಕುವವರ ಸಾಲಿಗೆ ನಾವು ಸೇರಿದವರಲ್ಲ. ಕಣ್ಣಿಗೆ ಕಾಣುವದನ್ನು ಆತನು ಕಂಡನು. ಕಣ್ಣಿಗೆ ಕಾಣದ್ದನ್ನು ಕಾಣಲಿಕ್ಕೆ ಇಪ್ಪತ್ತನೆಯ ಶತಮಾನವೇ ಬರಬೇಕಾಯಿತು.

ಅದು ಆರಂಭವಾದದ್ದು ಒಂದು ಕೋಳಿಯಿಂದ. ಪೇಟನ್ ರೌಸ್ ಎಂಬ ಅಮೇರಿಕದ ಪಂಡಿತನು ಕೋಳಿಯೊಂದರ ಗಡ್ಡೆಯನ್ನು ಅರೆದು, ಸೋಸಿ, ಜೀವಕೋಶಗಳೊಂದೂ ಇಲ್ಲದ ಆ ರಸವನ್ನು ಬೇರೆ ಕೋಳಿಗಳಿಗೆ ಚುಚ್ಚಿದಾಗ ಅವಕ್ಕೂ ಗಡ್ಡೆಗಳೆದ್ದವು. ಈ ಸಂಗತಿಯನ್ನು ಆತನು ೧೯೧೧ರಲ್ಲಿ ಪ್ರಕಟಿಸಿದನು. ವಿದ್ವಾಂಸರು ನಂಬಲಿಲ್ಲ. ನೋಬೆಲ್ ಪಾರಿತೋಷಕವು ಆತನಿಗೆ ದೊರೆತದ್ದು ೧೯೬೬ರಲ್ಲಿ, ೮೭ನೆಯ ವಯಸ್ಸಿನಲ್ಲಿ! ಆ ರಸದಲ್ಲಿದ್ದದ್ದು ಒಂದು ವೈರಾಣು. ಆ ವೈರಾಣುವಿನಲ್ಲಿ ‘ಸಾರ್ಕ್’ ಎಂಬ ಒಂದೇ ಒಂದು ಜೀನು ಗಡ್ಡೆಗೆ ಕಾರಣವೆಂದು ಮುಂದೆ ಗೊತ್ತಾಯಿತು. ಹಾಗಾದರೆ ಅರ್ಬುದವು ಹೊರಗಿನಿಂದ ನುಗ್ಗಿದ ಶತ್ರುವೆಂದು ಎಲ್ಲರೂ ತಿಳಿದರು. ೧೯೭೬ರಲ್ಲಿ ಬಿಷಪ್ ಮತ್ತು ವಾರ್ಮಸ್ ಎಂಬವರ ಪ್ರಯೋಗಶಾಲೆಯು ಈ ತಿಳುವಳಿಕೆಯನ್ನೇ ತಲೆಕೆಳಗು ಮಾಡಿತು. ಆ ಜೀನು ವೈರಾಣುವಿನ ಸ್ವಂತ ಸೊತ್ತಲ್ಲ, ಆರೋಗ್ಯವಂತ ಹಕ್ಕಿಯ ಪ್ರತಿಯೊಂದು ಜೀವಕೋಶದಲ್ಲಿಯೂ ಅದರ ಸೌಮ್ಯವಾದ ಮೂಲರೂಪವಿದೆ, ವೈರಾಣುವು ಅದನ್ನು ಕದ್ದು ಕೆಡಿಸಿಕೊಂಡಿದೆ ಎಂಬದು ಸಿದ್ಧವಾಯಿತು. ಮನುಷ್ಯನಲ್ಲಿಯೂ ಅದು ಇದೆ. ಅಂದರೆ ಅರ್ಬುದಜನಕ ಜೀನುಗಳು ನಮ್ಮ ಮನೆಯ ಮಕ್ಕಳೇ. ಬೆಳೆಯಬೇಕಾದಾಗ ಬೆಳೆಯಲಿಕ್ಕೂ ಗಾಯ ಮಾಯಬೇಕಾದಾಗ ಮಾಯಲಿಕ್ಕೂ ಅವುಗಳಿಲ್ಲದೆ ನಡೆಯದು. ಕೆಟ್ಟಾಗ ಮಾತ್ರ ಅವು ಮನೆಯನ್ನೇ ಹಾಳುಮಾಡುವವು.

ಕೆಡುವದೆಂದರೇನು? ಹುಬ್ಬಳ್ಳಿಯವರಿಗೆ ಇದನ್ನು ತಿಳಿಸುವದು ಕಠಿಣವಲ್ಲ. ಒಂದೂವರೆ ಕಿಲೋಮೀಟರಿಗೂ ಉದ್ದವಾದ ಪ್ಲಾಟ್‌ಫಾರ್ಮನ್ನು ೨೦೨೩ರಲ್ಲಿ ಪಡೆದ ನಮ್ಮ ಜಂಕ್ಷನ್ನಿನಲ್ಲಿ ಗಾಡಿಯು ತನ್ನಷ್ಟಕ್ಕೆ ಹೊರಡುವದಿಲ್ಲ. ಮುಂದಿನ ಠಾಣೆಯಿಂದ ಅನುಮತಿ ಬರಬೇಕು, ಅದು ಕ್ಯಾಬಿನ್ನಿಗೆ ಮುಟ್ಟಬೇಕು, ಕ್ಯಾಬಿನ್ನಿನವರು ಸಿಗ್ನಲ್ಲನ್ನು ಬಿಡಬೇಕು, ಅದನ್ನು ಕಂಡು ಚಾಲಕನು ಗಾಡಿಯನ್ನು ಹೊರಡಿಸಬೇಕು. ಗಾಡಿ ದಾಟಿದ ಕೂಡಲೆ ಸಿಗ್ನಲ್ಲು ಮತ್ತೆ ಕೆಂಪಾಗಬೇಕು. ಜೀವಕೋಶವು ಇಬ್ಭಾಗವಾಗುವ ಕಾರ್ಯವೂ ಹೀಗೆಯೇ ನಡೆಯುವದು. ಹೊರಗಿನಿಂದ ಬರುವ ಅನುಮತಿಪತ್ರವು ಒಂದು ಸಣ್ಣ ಪ್ರೋಟೀನು. ಸ್ಟ್ಯಾನ್ಲಿ ಕೋಹೆನ್ ಎಂಬವರು ಕಂಡುಹಿಡಿದು ೧೯೮೬ರಲ್ಲಿ ನೋಬೆಲ್ ಪಾರಿತೋಷಕದಲ್ಲಿ ಪಾಲು ಪಡೆದ ‘ಇ.ಜಿ.ಎಫ್.’ ಎಂಬದು ಅಂಥದೊಂದು. ಕೇವಲ ೫೩ ಅಮೈನೊ ಆಮ್ಲಗಳ ಸರ. ಅದನ್ನು ಬರಮಾಡಿಕೊಳ್ಳಲಿಕ್ಕೆ ಜೀವಕೋಶದ ಮೇಲ್ಮೈಯಲ್ಲಿ ನಿಂತಿರುವ ದ್ವಾರಪಾಲಕನೇ ಇ.ಜಿ.ಎಫ್.ಆರ್. ಅವನ ತಲೆ ಹೊರಗೆ, ಬಾಲ ಒಳಗೆ. ಪತ್ರವು ಬಂದೊಡನೆ ಇಬ್ಬರು ದ್ವಾರಪಾಲಕರು ಹತ್ತಿರ ಬಂದು ಜೊತೆಯಾಗುವರು. ಒಬ್ಬನು ಮತ್ತೊಬ್ಬನ ಬಾಲದಲ್ಲಿಯ ಟೈರೊಸಿನ್ ಎಂಬ ಸ್ಥಾನಗಳಿಗೆ ಫಾಸ್ಫೇಟಿನ ಮುದ್ರೆಯೊತ್ತುವನು. ಆ ಮುದ್ರೆಯನ್ನು ಕಂಡು ಒಳಗಿನ ದೂತರು ಬಂದು ಅಂಟಿಕೊಂಡು ‘ರಾಸ್’ ಎಂಬ ಗುಂಡಿಯನ್ನು ಒತ್ತುವರು. ರಾಸ್ ರ‍್ಯಾಫನ್ನೂ, ರ‍್ಯಾಫ್ ಮೆಕ್ಕನ್ನೂ, ಮೆಕ್ ಎರ್ಕನ್ನೂ ಎಬ್ಬಿಸಿ, ಎರ್ಕ್ ಕೋಶಕೇಂದ್ರವನ್ನು ಹೊಕ್ಕು ‘ಮಿಕ್’ ಮೊದಲಾದ ಜೀನುಗಳಿಗೆ ಆಜ್ಞೆಯನ್ನು ಮುಟ್ಟಿಸುವದು. ನಮ್ಮ ಕಚೇರಿಗಳಲ್ಲಿ ಕಾಗದವು ಮೇಜಿನಿಂದ ಮೇಜಿಗೆ ಹೋಗುವಂತೆ, ಆದರೆ ನಿಮಿಷಗಳಲ್ಲಿ; ಇಷ್ಟೇ ಭೇದ.

ಇನ್ನು ರಾಸ್ ಎಂಬ ಆ ಗುಂಡಿಯ ಮಾತು. ಸಾಮಾನ್ಯವಾಗಿ ಅದು ಒತ್ತಿದ ಸ್ವಲ್ಪ ಹೊತ್ತಿನಲ್ಲಿ ತಾನಾಗಿ ಆರುವದು, ಜಿ.ಟಿ.ಪಿ. ಎಂಬ ಶಕ್ತಿಯ ಕಣವನ್ನು ಒಡೆದು ತನ್ನನ್ನು ತಾನೇ ಆರಿಸಿಕೊಳ್ಳುವ ಗುಣ ಅದಕ್ಕಿದೆ. ೧೯೮೨ರಲ್ಲಿ ಅಮೇರಿಕದ ಮೂರು ಪ್ರಯೋಗಶಾಲೆಗಳು ಮನುಷ್ಯನ ಮೂತ್ರಕೋಶದ ಅರ್ಬುದದಿಂದ ತೆಗೆದ ರಾಸ್ ಜೀನನ್ನು ನಿರೋಗಿಯ ಜೀನಿನೊಡನೆ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿದವು. ಅಂತರವು ಒಂದೇ ಅಕ್ಷರದ್ದು! ಹನ್ನೆರಡನೆಯ ಸ್ಥಾನದಲ್ಲಿ ‘ಜಿ-ಜಿ-ಸಿ’ ಎಂದಿರಬೇಕಾದಲ್ಲಿ ‘ಜಿ-ಟಿ-ಸಿ’ ಎಂದಿತ್ತು. ಅದರಿಂದ ೧೮೯ ಅಮೈನೊ ಆಮ್ಲಗಳ ಪ್ರೋಟೀನಿನಲ್ಲಿ ಗ್ಲೈಸಿನ್ನಿನ ಜಾಗದಲ್ಲಿ ವ್ಯಾಲಿನ್ ಬಂದು ಕುಳಿತಿತು. ಗುಂಡಿಗೆ ಆರುವ ಗುಣವೇ ಹೋಯಿತು. ಅಚ್ಚುಕೂಟದವರಾದ ನಮಗೆ ಇದನ್ನು ಓದಿದಾಗ ಮೈ ಜುಮ್ಮೆಂದಿತು. ‘ತಡೆ’ ಎಂದು ಜೋಡಿಸಬೇಕಾದಲ್ಲಿ ‘ನಡೆ’ ಎಂದು ಜೋಡಿಸಿದರೆ ಪುಟದಲ್ಲಿ ಕೆಟ್ಟದ್ದು ಒಂದೇ ಮೊಳೆ. ಅರ್ಥ ಮಾತ್ರ ಪೂರ್ತಿ ತಿರುವುಮುರುವು. ನಮ್ಮಲ್ಲಿ ಮರುದಿನ ತಿದ್ದುಪಡಿಯನ್ನು ಅಚ್ಚುಹಾಕಬಹುದು. ಜೀವಕೋಶವು ಆ ತಪ್ಪು ಪುಟವನ್ನೇ ಮತ್ತೆ ಮತ್ತೆ ಅಚ್ಚುಹಾಕುತ್ತ ಹೋಗುವದು.

ಈ ಅಕ್ಷರದೋಷವು ಪರದೇಶದ ಪ್ರಯೋಗಶಾಲೆಯ ಕೌತುಕವಾಗಿ ಉಳಿಯಲಿಲ್ಲ. ಮುಂಬಯಿಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯ ಸಾರಾನಾಥ್ ಮೊದಲಾದ ವಿದ್ವಾಂಸರು ತಂಬಾಕು ಜಗಿಯುವ ನಮ್ಮ ದೇಶದ ರೋಗಿಗಳ ೫೭ ಗಡ್ಡೆಗಳನ್ನು ಪರೀಕ್ಷಿಸಿ ೧೯೯೧ರಲ್ಲಿ ಪ್ರಕಟಿಸಿದ ಲೇಖದಂತೆ, ಅವುಗಳಲ್ಲಿ ಶೇಕಡಾ ೩೫ರಷ್ಟರಲ್ಲಿ ಇದೇ ಎಚ್-ರಾಸ್ ಜೀನು ೧೨ನೆಯ ಅಥವಾ ೬೧ನೆಯ ಸ್ಥಾನದಲ್ಲಿ ಕೆಟ್ಟಿತ್ತು. ಮುಂದೆ ೨೦೧೩ರಲ್ಲಿ, ವಂಗದೇಶದ ಕಲ್ಯಾಣಿ ಹಾಗೂ ಮುಂಬಯಿಯ ಸಂಸ್ಥೆಗಳು ಕೂಡಿ ನಡೆಸಿದ ರಾಷ್ಟ್ರೀಯ ಯೋಜನೆಯು ಒಸಡು ಮತ್ತು ಕೆನ್ನೆಯ ಅರ್ಬುದಗಳ ಜೀನುಗಳನ್ನು ವ್ಯಾಪಕವಾಗಿ ಓದಿ, ‘ಟಿ.ಪಿ. ೫೩’, ‘ಫ್ಯಾಟ್ ೧’, ‘ಕ್ಯಾಸ್ಪ್ ೮’, ‘ಎಚ್-ರಾಸ್’, ‘ನಾಚ್ ೧’ ಎಂಬವು ಮೇಲಿಂದ ಮೇಲೆ ಕೆಡುತ್ತವೆಂದು ತೋರಿಸಿತು. ಇವುಗಳಲ್ಲಿ ಟಿ.ಪಿ. ೫೩ ಎಂಬದು ಅರ್ಬುದಜನಕವಲ್ಲ, ಅರ್ಬುದನಿರೋಧಕ; ಗಾಡಿಯ ಬ್ರೇಕು. ವೇಗವರ್ಧಕವು ಸಿಕ್ಕಿಕೊಂಡದ್ದೂ ಬ್ರೇಕು ಮುರಿದದ್ದೂ ಒಂದೇ ಗಾಡಿಯಲ್ಲಿ ಕೂಡಿದಾಗ ಅನಾಹುತ. ಆದ್ದರಿಂದಲೇ ಈ ರೋಗವು ಒಂದು ದಿನದಲ್ಲಿ ಬರುವದಿಲ್ಲ. ಹತ್ತಿಪ್ಪತ್ತು ವರ್ಷ ಜಗಿದ ಮೇಲೆ ಬರುವದು. ಹಾಗೆ ತಡವಾಗಿ ಬರುವದರಿಂದಲೇ ಜಗಿಯುವವನಿಗೆ ಅದರ ಭಯವಿಲ್ಲ.

ಈಗ ನಮ್ಮ ಹಿರಿಯರ ಕಾಗದಕ್ಕೆ ಬರೋಣ. ಮೂರು ಕೂಡಿಕೆಯ ಚಿಹ್ನೆಗಳ ಅರ್ಥವೆಂದರೆ, ಅವರ ಗಡ್ಡೆಯ ಜೀವಕೋಶಗಳ ಮೇಲ್ಮೈಯಲ್ಲಿ ಇ.ಜಿ.ಎಫ್.ಆರ್. ದ್ವಾರಪಾಲಕರು ಅತಿಶಯವಾಗಿ ತುಂಬಿದ್ದಾರೆಂಬದು. ತಲೆ ಮತ್ತು ಕುತ್ತಿಗೆಯ ಅರ್ಬುದಗಳಲ್ಲಿ ಬಹುತೇಕ ಹೀಗೆಯೇ. ಇಲ್ಲಿ ಜೀನಿನ ಅಕ್ಷರವು ಕೆಟ್ಟಿರಬೇಕೆಂದೇನೂ ಇಲ್ಲ; ಪ್ರತಿಗಳು ಹೆಚ್ಚಾದರೂ ಸಾಕು. ಬಾಗಿಲಲ್ಲಿ ದ್ವಾರಪಾಲಕರ ನೂಕುನುಗ್ಗಲಾದರೆ ಪತ್ರವಿಲ್ಲದೆಯೇ ಒಬ್ಬರಿಗೊಬ್ಬರು ತಗಲಿ ಮುದ್ರೆಯೊತ್ತಿಕೊಳ್ಳುವರು. ಸ್ತನದ ಅರ್ಬುದಗಳಲ್ಲಿ ಸುಮಾರು ಐದರಲ್ಲೊಂದರಲ್ಲಿ ಇದೇ ಕುಲದ ‘ಹರ್ ೨’ ಎಂಬ ಪ್ರೋಟೀನು ಹೀಗೆ ತುಂಬಿಕೊಂಡಿರುವದು. ೧೯೮೪ರಲ್ಲಿ ಗೊತ್ತಾದ ಇನ್ನೊಂದು ವಿಚಿತ್ರವಿದೆ: ಕೋಳಿಗಳಿಗೆ ರಕ್ತದ ಅರ್ಬುದವನ್ನು ತರುವ ಒಂದು ವೈರಾಣುವು ಹೊತ್ತು ತಿರುಗುವ ಜೀನು ಈ ಇ.ಜಿ.ಎಫ್.ಆರ್. ಕುಲದ್ದೇ, ಆದರೆ ಹೊರಗಿನ ತಲೆಯನ್ನು ಕಡಿದದ್ದು. ಕೇಳುವ ಕಿವಿಯಿಲ್ಲ, ಕೂಗುವ ಬಾಯಿ ಮಾತ್ರ ಉಳಿದಿದೆ. ಸಾರ್ವಜನಿಕ ಸಭೆಗಳಲ್ಲಿ ಇಂಥವರನ್ನು ನಾವು ಕಂಡಿಲ್ಲವೇ!

ಸಂಜ್ಞೆಯು ಒಳಗೆ ಕೆಟ್ಟರೆ ಹೊರಗಿನ ಮೈಯೂ ಕೆಡುವದು. ಈ ಭಾಗವೇ ರೋಗಿಯ ಪ್ರಾಣಕ್ಕೆ ಸಂಬಂಧಪಟ್ಟದ್ದು. ನೆರೆಯ ಜೀವಕೋಶಗಳನ್ನು ಒಂದಕ್ಕೊಂದು ಬೆಸೆದು ಹಿಡಿಯುವ ‘ಕ್ಯಾಡ್‌ಹೆರಿನ್’ ಎಂಬ ಅಂಟು ಪ್ರೋಟೀನು ಕೆಟ್ಟ ಕೋಶದ ಮೇಲಿಂದ ಮರೆಯಾಗುವದು. ಫೈಬ್ರೊನೆಕ್ಟಿನ್ ಎಂಬ ಹೊದಿಕೆಯೂ ತೆಳುವಾಗುವದು. ನೆರೆಹೊರೆಯ ನಂಟು ಹರಿದುಕೊಂಡ ಕೋಶವು ಸಡಿಲಾಗಿ ಕುತ್ತಿಗೆಯ ಗಂಟುಗಳಿಗೆ ವಲಸೆ ಹೋಗುವದು. ನಮ್ಮ ದೇಹದಲ್ಲಿ ಗಸ್ತು ತಿರುಗುವ ರಕ್ಷಕಕೋಶಗಳು ಪ್ರತಿಯೊಂದು ಕೋಶದ ಗುರುತಿನ ಚೀಟಿಯನ್ನು ಪರೀಕ್ಷಿಸುತ್ತವೆ, ಎಂ.ಎಚ್.ಸಿ. ಎಂಬ ಆ ಚೀಟಿಯನ್ನೇ ಅರ್ಬುದಕೋಶವು ಎಷ್ಟೋ ಸಲ ಕಳಚಿ ಎಸೆಯುವದು. ಇಷ್ಟೇ ಅಲ್ಲ, ಮೇಲೆ ಹೇಳಿದ ಮಿಕ್ ಜೀನು ಅತಿಯಾಗಿ ದುಡಿದಾಗ ಕೋಶದ ಮೇಲ್ಮೈಯಲ್ಲಿ ‘ಸಿ.ಡಿ. ೪೭’ ಮತ್ತು ‘ಪಿ.ಡಿ.-ಎಲ್ ೧’ ಎಂಬ ಎರಡು ಫಲಕಗಳು ಹೆಚ್ಚುವವೆಂದು ೨೦೧೬ರಲ್ಲಿ ಪ್ರಕಟವಾಯಿತು. ಮೊದಲನೆಯದು ‘ನನ್ನನ್ನು ತಿನ್ನಬೇಡ’ ಎಂದೂ, ಎರಡನೆಯದು ‘ಇಲ್ಲಿ ನಿನಗೇನೂ ಕೆಲಸವಿಲ್ಲ, ಹಿಂದಿರುಗು’ ಎಂದೂ ಹೇಳಿದಂತೆ. ಪೋಲೀಸಿನವರು ಕಳ್ಳನ ಮನೆಯ ಬಾಗಿಲವರೆಗೆ ಬಂದು, ಫಲಕವನ್ನೋದಿ, ನಮಸ್ಕಾರ ಮಾಡಿ ಮರಳುವರು.

ಈ ಅಕ್ಷರದೋಷಗಳನ್ನು ತಂದಿಡುವವರು ಯಾರು? ತಂಬಾಕಿನಲ್ಲಿಯ ನೈಟ್ರೋಸಮೈನುಗಳು ದೇಹದಲ್ಲಿ ಮಾರ್ಪಟ್ಟು ಜೀನಿನ ಅಕ್ಷರಗಳಿಗೆ ಅಂಟಿ ಅವುಗಳನ್ನು ಕೆಡಿಸುತ್ತವೆ. ನಿಪ್ಪಾಣಿಯ ಹೊಲಗಳಲ್ಲಿ ಬೆಳೆಯುವ ಆ ಎಲೆಯ ಬೆಲೆಗಾಗಿ ೧೯೮೧ರಲ್ಲಿ ರೈತರು ದೊಡ್ಡ ಚಳವಳಿ ಹೂಡಿ ಗುಂಡಿನೇಟುಗಳನ್ನು ತಿಂದದ್ದನ್ನು ನಮ್ಮ ಹಿರಿಯ ವಾಚಕರು ಮರೆತಿರಲಾರರು. ಅಡಿಕೆಯ ಮಾತು ಇನ್ನೂ ಸಂಕಟದ್ದು. ಸಿರಸಿ, ಯಲ್ಲಾಪುರ, ಶಿವಮೊಗ್ಗೆಗಳ ತೋಟಗಾರರು ನಮ್ಮವರೇ. ಅಡಿಕೆಯಿಲ್ಲದೆ ನಮ್ಮಲ್ಲಿ ಮಂಗಲಕಾರ್ಯವೂ ಇಲ್ಲ. ಆದರೂ ಜಾಗತಿಕ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನ ವಿಭಾಗವು ೨೦೦೪ರಲ್ಲಿ ತಂಬಾಕಿಲ್ಲದ ಬರಿಯ ಅಡಿಕೆಯೂ ಅರ್ಬುದಕಾರಿಯೆಂದು ಪ್ರಥಮ ವರ್ಗದಲ್ಲಿ ಸೇರಿಸಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕ ಕೊಂಡಯ್ಯನವರ ತಂಡವು ೨೦೧೨ರಲ್ಲಿ ಪ್ರಕಟಿಸಿದ ಶೋಧವು ಇದಕ್ಕೆ ಒಂದು ಕಾರಣವನ್ನೂ ತೋರಿಸಿದೆ. ಅಡಿಕೆಯ ಸಾರವು ಬಾಯಿಯ ಒಳಪದರದ ಕೋಶಗಳಲ್ಲಿ ‘ಟಿ.ಜಿ.ಎಫ್. ಬೀಟಾ’ ಎಂಬ ಇನ್ನೊಂದು ಸಂಜ್ಞಾಮಾರ್ಗವನ್ನು ಎಬ್ಬಿಸುವದಂತೆ. ಆ ಸಂಜ್ಞೆಯ ಫಲವಾಗಿ ಕೆನ್ನೆಯೊಳಗೆ ನಾರು ಬೆಳೆದು, ಮೂರು ಬೆರಳು ಹೋಗುವ ಬಾಯಿಯಲ್ಲಿ ಒಂದು ಬೆರಳೂ ಹೋಗದಂತಾಗುವದು. ಆ ನಾರುಗಟ್ಟಿದ ಬಾಯಿಯೇ ಎಷ್ಟೋ ಸಲ ಮುಂದೆ ಅರ್ಬುದಕ್ಕೆ ಎಡೆಯಾಗುವದು. ಇದನ್ನು ಬರೆದರೆ ನಮ್ಮ ಮಲೆನಾಡಿನ ಚಂದಾದಾರರು ಸಿಟ್ಟಾದಾರೆಂಬದು ನಮಗೆ ಗೊತ್ತಿದೆ. ಆದರೂ ಬರೆಯದೆ ಇರಲಾಗದು.

೨೦೧೩ರ ಮೇ ತಿಂಗಳಲ್ಲಿ ಕರ್ನಾಟಕ ಸರಕಾರವು ಗುಟ್ಕಾವನ್ನು ನಿಷೇಧಿಸಿತು. ಫಲವೇನಾಯಿತು? ಒಂದೇ ಚೀಟಿನಲ್ಲಿದ್ದದ್ದು ಎರಡು ಚೀಟುಗಳಾಯಿತು. ಒಂದರಲ್ಲಿ ಪಾನ್ ಮಸಾಲೆ, ಮತ್ತೊಂದರಲ್ಲಿ ತಂಬಾಕು. ಅಂಗಡಿಯವನು ಎರಡನ್ನೂ ಕೂಡಿಯೇ ಕೊಡುವನು, ಕೊಂಡವನು ಅಂಗೈಯಲ್ಲಿ ಬೆರೆಸಿ ಬಾಯಿಗೆಸೆಯುವನು. ಕಾಯದೆಯ ಅಕ್ಷರವು ಉಳಿಯಿತು, ಕೆನ್ನೆ ಮಾತ್ರ ಉಳಿಯಲಿಲ್ಲ. ಇದನ್ನು ನೋಡಿಯೂ ನೋಡದಂತಿರುವ ಅಧಿಕಾರಿಗಳು ನಮ್ಮ ಓದುಗರಲ್ಲಿಯೂ ಇದ್ದಾರೆ.

ಚಿಕಿತ್ಸೆಯಲ್ಲಿ ಈ ಜ್ಞಾನದ ಉಪಯೋಗವೇನೆಂದು ನಮ್ಮ ಹಿರಿಯರು ಕೇಳಿದರು. ಶಸ್ತ್ರಕ್ರಿಯೆ ಮತ್ತು ಕಿರಣಗಳೇ ಇಂದಿಗೂ ಮೊದಲ ಆಧಾರ. ಆದರೆ ಬಾಗಿಲನ್ನೇ ಮುಚ್ಚುವ ಔಷಧಗಳು ಬಂದಿವೆ. ಇ.ಜಿ.ಎಫ್.ಆರ್. ತಲೆಗೆ ಅಂಟಿಕೊಂಡು ಪತ್ರವು ಮುಟ್ಟದಂತೆ ಮಾಡುವ ನಿಮೋಟುಜುಮ್ಯಾಬ್ ಎಂಬ ಪ್ರತಿವಿಷವನ್ನು ಕ್ಯೂಬಾ ದೇಶದ ವಿದ್ವಾಂಸರು ನಿರ್ಮಿಸಿದರು. ಅದನ್ನು ಬೆಂಗಳೂರಿನ ಬಯೋಕಾನ್ ಕಂಪನಿಯು ೨೦೦೬ರಲ್ಲಿ ತಲೆ-ಕುತ್ತಿಗೆಯ ಅರ್ಬುದಕ್ಕಾಗಿ ನಮ್ಮ ದೇಶದ ಪೇಟೆಗೆ ತಂದಿತು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ೫೩೬ ರೋಗಿಗಳಲ್ಲಿ ಅದನ್ನು ಪರೀಕ್ಷಿಸಿ ೨೦೧೯ರಲ್ಲಿ ಪ್ರಕಟಿಸಿದಂತೆ, ರೋಗವು ಮರುಕಳಿಸುವದು ಅದರಿಂದ ಮುಂದಕ್ಕೆ ಹೋಯಿತು. ಒಟ್ಟು ಆಯುಷ್ಯದ ಲಾಭ ಮಾತ್ರ ನಿಸ್ಸಂಶಯವಾಗಿ ಸಿದ್ಧವಾಗಲಿಲ್ಲ. ಬಾಗಿಲು ಮುಚ್ಚುವದು ಎಲ್ಲ ಕಡೆಗೂ ಫಲಿಸದಿರುವದಕ್ಕೆ ಕಾರಣವನ್ನು ವಾಚಕರೇ ಊಹಿಸಬಹುದು: ಒಳಗಿನ ರಾಸ್ ಗುಂಡಿಯು ಸಿಕ್ಕಿಕೊಂಡಿದ್ದರೆ ಹೊರಬಾಗಿಲಿಗೆ ಬೀಗ ಹಾಕಿ ಪ್ರಯೋಜನವೇನು? ದೊಡ್ಡ ಕರುಳಿನ ಅರ್ಬುದದಲ್ಲಿ ಈ ಮಾತು ೨೦೦೮ರಲ್ಲಿಯೇ ಸ್ಪಷ್ಟವಾಗಿ, ರಾಸ್ ಪರೀಕ್ಷೆಯಿಲ್ಲದೆ ಇಂಥ ಔಷಧವನ್ನು ಕೊಡುವದು ನಿಂತಿತು.

ಬೆಲೆಯ ಪ್ರಶ್ನೆಯನ್ನು ಬಿಟ್ಟು ಔಷಧದ ಮಾತನಾಡುವದು ನಮ್ಮ ದೇಶದಲ್ಲಿ ಅಪ್ರಾಮಾಣಿಕವಾದೀತು. ರಕ್ತದ ಒಂದು ಬಗೆಯ ಅರ್ಬುದಕ್ಕೆ ೨೦೦೧ರಲ್ಲಿ ಬಂದ ಇಮಾಟಿನಿಬ್ ಎಂಬ ಗುಳಿಗೆಯು ಕೆಟ್ಟ ಸಂಜ್ಞೆಯೊಂದನ್ನು ನಿಲ್ಲಿಸಿ ಅಸಂಖ್ಯ ಜನರ ಪ್ರಾಣವುಳಿಸಿತು. ೨೦೧೩ರ ಸುಮಾರಿಗೆ ಸ್ವಿಸ್ ಕಂಪನಿಯ ಹೆಸರಿನ ಗುಳಿಗೆಗೆ ತಿಂಗಳಿಗೆ ಸುಮಾರು ೧,೨೦,೦೦೦ ರೂಪಾಯಿ ಬೀಳುತ್ತಿತ್ತು; ನಮ್ಮ ದೇಶದ ಕಾರಖಾನೆಗಳ ಅದೇ ಗುಳಿಗೆಗೆ ಸುಮಾರು ೧೦,೦೦೦ದೊಳಗೆ ಇತ್ತು. ೨೦೧೩ರ ಏಪ್ರಿಲ್ ೧ರಂದು ನಮ್ಮ ಸರ್ವೋಚ್ಚ ನ್ಯಾಯಾಲಯವು ನೋವಾರ್ಟಿಸ್ ಕಂಪನಿಯ ಏಕಸ್ವಾಮ್ಯದ ಬೇಡಿಕೆಯನ್ನು ತಳ್ಳಿಹಾಕಿತು. ಆ ದಿನವನ್ನು ನಾವು ಸಣ್ಣದೆಂದು ಎಣಿಸುವದಿಲ್ಲ.

ಇದಕ್ಕಿಂತ ಹೆಚ್ಚು ಸಮಾಧಾನ ಕೊಟ್ಟ ಸುದ್ದಿಯು ಟಾಟಾ ಆಸ್ಪತ್ರೆಯಿಂದ ೨೦೨೨ರಲ್ಲಿ ಬಂದಿತು. ಪಿ.ಡಿ.-ಎಲ್ ೧ ಎಂಬ ‘ಹಿಂದಿರುಗು’ ಫಲಕವನ್ನು ರಕ್ಷಕಕೋಶಗಳು ಓದದಂತೆ ಮಾಡುವ ನಿವೋಲುಮ್ಯಾಬ್ ಎಂಬ ಔಷಧವಿದೆ. ಈ ಮಾರ್ಗವನ್ನು ತೆರೆದು ತೋರಿಸಿದ್ದಕ್ಕೆ ಜಪಾನಿನ ಹೊಂಜೊ ಅವರಿಗೆ ೨೦೧೮ರಲ್ಲಿ ನೋಬೆಲ್ ಪಾರಿತೋಷಕದಲ್ಲಿ ಪಾಲು ದೊರೆತಿದೆ. ಅದರ ಪೂರ್ಣ ಪ್ರಮಾಣವು ನಮ್ಮ ಬಡವರ ಕೈಗೆ ಎಟುಕದು. ಮುಂಬಯಿಯ ವೈದ್ಯರು ವಾಡಿಕೆಯ ಪ್ರಮಾಣದ ಹತ್ತನೆಯ ಒಂದು ಪಾಲಿಗೂ ಕಡಿಮೆಯಾದ ೨೦ ಮಿಲಿಗ್ರಾಮನ್ನು ಮೂರು ವಾರಗಳಿಗೊಮ್ಮೆ ಕೊಟ್ಟು ನೋಡಿದರು. ಅದರ ಜೊತೆಗೆ ಮೂರು ಅಗ್ಗದ ಗುಳಿಗೆಗಳು. ಅವುಗಳಲ್ಲಿ ಒಂದಾದ ಎರ್ಲೋಟಿನಿಬ್ ಎಂಬದು ಇ.ಜಿ.ಎಫ್.ಆರ್. ಬಾಲವು ಮುದ್ರೆಯೊತ್ತದಂತೆ ತಡೆಯುವದು. ಶಸ್ತ್ರಕ್ರಿಯೆಯ ಆಸೆ ಬಿಟ್ಟವರೇ ಆ ರೋಗಿಗಳು. ಗುಳಿಗೆಗಳನ್ನಷ್ಟೇ ಪಡೆದವರಲ್ಲಿ ವರ್ಷದ ಕೊನೆಗೆ ಶೇಕಡಾ ೧೬.೩ ಜನ ಬದುಕಿದ್ದರು. ಈ ಸಣ್ಣ ಪ್ರಮಾಣವನ್ನೂ ಪಡೆದವರಲ್ಲಿ ಶೇಕಡಾ ೪೩.೪. ಪರದೇಶದ ಕಂಪನಿಯು ಇಂಥ ಪರೀಕ್ಷೆಯನ್ನು ತಾನಾಗಿ ಎಂದೂ ಕೈಕೊಳ್ಳುತ್ತಿರಲಿಲ್ಲ. ಕಡಿಮೆ ಔಷಧ ಸಾಕೆಂದು ಸಿದ್ಧಮಾಡಲಿಕ್ಕೆ ಹಣ ಹಾಕುವ ವ್ಯಾಪಾರಿಯುಂಟೇ?

ಆದರೆ ಅಲ್ಲಿಯವರೆಗೆ ಹೋಗಗೊಡುವದೇಕೆ? ತಿರುವನಂತಪುರದ ಸೀಮೆಯಲ್ಲಿ ಡಾ. ಶಂಕರನಾರಾಯಣನ್ ಮೊದಲಾದವರು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರನ್ನು ಮನೆಮನೆಗೆ ಕಳುಹಿಸಿ, ಬರಿಗಣ್ಣಿನಿಂದ ಜನರ ಬಾಯಿಗಳನ್ನು ನೋಡಿಸಿದರು. ೨೦೦೫ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದಂತೆ, ತಂಬಾಕು ಇಲ್ಲವೆ ಮದ್ಯದ ಚಟವುಳ್ಳವರಲ್ಲಿ ಬಾಯಿಯ ಅರ್ಬುದದ ಮರಣಗಳು ಶೇಕಡಾ ೩೪ರಷ್ಟು ಇಳಿದವು. ದುಬಾರಿ ಯಂತ್ರವೇನೂ ಬೇಕಾಗಲಿಲ್ಲ. ಬೇಕಾದದ್ದು ಬೆಳಕು ಮತ್ತು ನೋಡುವ ಕಣ್ಣು: ಒರೆಸಿದರೆ ಹೋಗದ ಬಿಳಿಯ ಮಚ್ಚೆ, ಮಖಮಲ್ಲಿನಂಥ ಕೆಂಪು ಮಚ್ಚೆ, ಎರಡು ಮೂರು ವಾರಗಳಲ್ಲಿ ಮಾಯದ ಹುಣ್ಣು, ದಿನದಿನಕ್ಕೆ ಕಿರಿದಾಗುವ ಬಾಯಿ. ಬಿಳಿಯ ಮಚ್ಚೆಯು ಇನ್ನೂ ಅರ್ಬುದವಲ್ಲ. ಅಕ್ಷರದೋಷಗಳು ಒಂದೆರಡು ಕೂಡಿವೆ, ಪುಟವು ಪೂರ್ತಿ ಕೆಟ್ಟಿಲ್ಲ ಎಂಬ ಹಂತ ಅದು. ನಮ್ಮ ಹಿರಿಯರು ಕಳೆದುಕೊಂಡ ಎಂಟು ತಿಂಗಳುಗಳು ಆ ಹಂತದವು.

ಅವರಿಗೆ ಶಸ್ತ್ರಕ್ರಿಯೆಯಾಗಿದೆ; ದವಡೆಯ ಒಂದು ಭಾಗ ಹೋಗಿದೆ, ಕಿರಣಗಳ ಚಿಕಿತ್ಸೆ ನಡೆದಿದೆ. ಮಾತು ಇನ್ನೂ ತೊದಲು. ಬೇಕಾದುದನ್ನು ಚೀಟಿಯಲ್ಲಿ ಬರೆದು ಕೊಡುವರು, ಅದರಲ್ಲಿ ಇಂದಿಗೂ ಒಂದು ಕಾಗುಣಿತದ ತಪ್ಪಿರುವದಿಲ್ಲ. ಕಳೆದ ವಾರ ನಾವು ಒಬ್ಬ ದಂತವೈದ್ಯರನ್ನು ಮುದ್ರಣಾಲಯಕ್ಕೆ ಕರೆಸಿ ಉಳಿದ ಹದಿನಾಲ್ಕು ಜನ ಕೆಲಸಗಾರರ ಬಾಯಿಯನ್ನು ತೋರಿಸಿದೆವು. ಎಲ್ಲ ಮುಗಿಯಲಿಕ್ಕೆ ಒಂದು ಗಂಟೆ ಹಿಡಿಯಿತು. ಇಬ್ಬರಲ್ಲಿ ಬಿಳಿಯ ಮಚ್ಚೆಗಳು ಕಂಡವು, ಒಬ್ಬನ ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯಲಿಲ್ಲ. ಆ ಮೂರನೆಯವನ ವಯಸ್ಸು ಇಪ್ಪತ್ತಮೂರು.